ಅಫ್ಘಾನಿಸ್ತಾನದ ನೆಲ ಅಗೆಯುವ ಮೊದಲು: ವಿದೇಶಾಂಗ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವಿದೇಶಾಂಗ ಸಚಿವರಿಗೆ,

ನಮಸ್ಕಾರ. ಈ ಪತ್ರವನ್ನು ಕೇಂದ್ರ ಸಂಸ್ಕೃತಿ ಸಚಿವರೂ ಓದಬೇಕು ಎಂಬ ಆಸೆ ನನ್ನದು.

2025ರ ಅಕ್ಟೋಬರ್‌ನಲ್ಲಿ ಅಫ್ಘಾನಿಸ್ತಾನದ ವಿದೇಶಾಂಗ ಸಚಿವರು ದೆಹಲಿಗೆ ಬಂದಿದ್ದರು. ಕಾಬೂಲಿನಲ್ಲಿದ್ದ ನಮ್ಮ ತಾಂತ್ರಿಕ ತಂಡದ ಕಚೇರಿಯನ್ನು ಮತ್ತೆ ರಾಯಭಾರ ಕಚೇರಿ ಮಾಡುತ್ತೇವೆ ಎಂದು ಆಗ ನೀವು ಹೇಳಿದಿರಿ. ಅದೇ ಭೇಟಿಯಲ್ಲಿ ಇನ್ನೊಂದು ಮಾತೂ ಬಂತು. ನಮ್ಮ ಗಣಿಗಳಿಗೆ ಭಾರತದ ಕಂಪನಿಗಳು ಬರಲಿ ಎಂದು ಅವರು ಕರೆದರು. ಆ ಕರೆಯನ್ನು ನೀವು ಮೆಚ್ಚಿಕೊಂಡು ಮಾತಾಡಿದಿರಿ. ನಾನು ಬರೆಯುತ್ತಿರುವುದು ಈ ಗಣಿಯ ಮಾತಿನ ಬಗ್ಗೆ.

ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಭಾರತದ ಯಾವ ಕಂಪನಿಯೇ ಆಗಲಿ, ಅಫ್ಘಾನಿಸ್ತಾನದಲ್ಲಿ ಗಣಿ ಶುರು ಮಾಡುವ ಮೊದಲು ಆ ನೆಲದಲ್ಲಿ ಏನು ಹೂತಿದೆ ಎಂದು ಪುರಾತತ್ವದವರು ನೋಡಿ ಮುಗಿಸಿರಬೇಕು. ಇದನ್ನು ಒಪ್ಪಂದದ ಷರತ್ತಾಗಿ ಬರೆಯಿಸಿ. ಜೊತೆಗೆ, ಕಾಬೂಲಿನವರ ಹತ್ತಿರ ಮಾತಾಡುವಾಗ ಮೆಸ್ ಐನಕ್ ಹೆಸರು ಎತ್ತಿ.

ಮೆಸ್ ಐನಕ್ ಇರುವುದು ಲೋಗರ್ ಪ್ರಾಂತ್ಯದಲ್ಲಿ, ಕಾಬೂಲಿನಿಂದ ಸುಮಾರು 40 ಕಿ.ಮೀ. ಆಗ್ನೇಯಕ್ಕೆ. ಬೋಳು ಗುಡ್ಡಗಳು, ಅವುಗಳ ಮಧ್ಯೆ ಒಂದು ಹಳೆಯ ಪಟ್ಟಣ. ಬೌದ್ಧ ವಿಹಾರಗಳಿವೆ, ಸ್ತೂಪಗಳಿವೆ, ಕೋಟೆ ಇದೆ, ಕೆಲಸಗಾರರ ಮನೆಗಳಿವೆ, ಅದಿರು ಕರಗಿಸುತ್ತಿದ್ದ ಕುಲುಮೆಗಳಿವೆ, ಕರಗಿಸಿದ ಮೇಲೆ ಉಳಿದ ಕಿಟ್ಟದ ದೊಡ್ಡ ರಾಶಿಗಳಿವೆ. ಕುಷಾಣರ ಕಾಲದಿಂದ ಸುಮಾರು 8ನೇ ಶತಮಾನದವರೆಗೆ ಈ ಊರು ತಾಮ್ರದಿಂದಲೇ ಬದುಕಿತು. ಗೋಡೆಗಳಲ್ಲಿ ಬಣ್ಣದ ಚಿತ್ರ, ಮಣ್ಣಿನಲ್ಲಿ ಮಾಡಿ ಬಣ್ಣ ಹಚ್ಚಿದ ಬುದ್ಧನ ಮೂರ್ತಿಗಳು, ರಾಶಿ ನಾಣ್ಯಗಳು ಸಿಕ್ಕಿವೆ. ಮರದಲ್ಲಿ ಕೆತ್ತಿದ ಕುಳಿತ ಬುದ್ಧನೊಬ್ಬ ಹದಿನಾಲ್ಕು ಹದಿನೈದು ನೂರು ವರ್ಷ ಮಣ್ಣಿನಡಿ ಕೊಳೆಯದೆ ಉಳಿದು ಹೊರಗೆ ಬಂದ. ಅಲ್ಲಿನ ಒಣ ಹವೆ ಅವನನ್ನು ಕಾಪಾಡಿತು.

ಆ ಊರಿನಲ್ಲಿ ಸನ್ಯಾಸಿಗಳೂ ಲೋಹದ ಕೆಲಸದವರೂ ಒಟ್ಟಿಗೆ ಇದ್ದರು. ಗಣಿಯ ಸಂಪತ್ತು ವಿಹಾರಕ್ಕೆ ಹೇಗೆ ಹರಿಯುತ್ತಿತ್ತು, ಕುಲುಮೆಗೆ ಬೇಕಾದ ಸೌದೆ ಎಲ್ಲಿಂದ ಬರುತ್ತಿತ್ತು, ಸೌದೆ ಮುಗಿದಾಗ ಊರಿಗೆ ಏನಾಯಿತು? ಇಂಥ ಪ್ರಶ್ನೆಗಳಿಗೆ ಗ್ರಂಥಗಳಲ್ಲಿ ಉತ್ತರ ಸಿಗುವುದಿಲ್ಲ. ಕಿಟ್ಟದ ರಾಶಿಯಲ್ಲಿ, ಬೂದಿಯಲ್ಲಿ, ಮನೆಗಳ ನೆಲದಲ್ಲಿ ಸಿಗುತ್ತದೆ. ಬುದ್ಧನ ಮೂರ್ತಿಯನ್ನು ಎತ್ತಿ ಮ್ಯೂಸಿಯಮ್ಮಿಗೆ ಒಯ್ಯಬಹುದು. ಬೂದಿಯ ಪದರವನ್ನು ಹಾಗೆ ಒಯ್ಯಲಾಗದು. ಅದನ್ನು ಇದ್ದಲ್ಲೇ ಓದಬೇಕು. ಒಂದು ಸಲ ಕದಡಿದರೆ ಮುಗಿಯಿತು.

ಸಮಸ್ಯೆ ಇರುವುದು ಆ ಊರಿನ ಕೆಳಗಡೆ. ಅಲ್ಲಿ ಸುಮಾರು 55 ಲಕ್ಷ ಟನ್ ತಾಮ್ರ ಇದೆ ಎಂಬ ಅಂದಾಜಿದೆ. ತಾಮ್ರ ಇದೆ ಅಂತಲೇ ಹಿಂದಿನವರು ಅಲ್ಲಿ ಊರು ಕಟ್ಟಿದ್ದು, ಹಾಗಾಗಿ ಊರು ಸರಿಯಾಗಿ ಅದಿರಿನ ಮೇಲೇ ಕೂತಿದೆ. 2007ರಲ್ಲಿ ಚೀನಾದ ಕಂಪನಿಗಳ ಕೂಟ ಈ ಗಣಿಯ ಟೆಂಡರ್ ಗೆದ್ದಿತು. ಮರುವರ್ಷ 30 ವರ್ಷಗಳ ಒಪ್ಪಂದ ಆಯಿತು. ಆಗ ಮಾತು ನಡೆದದ್ದು ತೆರೆದ ಗಣಿಯದ್ದು. ಅಂದರೆ ಮೇಲಿನ ಗುಡ್ಡವನ್ನೇ ಸಿಡಿಸಿ, ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಇಳಿಯುತ್ತಾ ಹೋಗುವುದು. ಹಾಗೆ ಮಾಡಿದರೆ ಊರು ಇರುವ ಜಾಗದಲ್ಲಿ ಒಂದು ದೊಡ್ಡ ಹಳ್ಳ ಉಳಿಯುತ್ತದೆ ಅಷ್ಟೆ.

2009ರಲ್ಲಿ ಅಲ್ಲಿ ಅವಸರದ ಉತ್ಖನನ ಶುರುವಾಯಿತು. ಅಫ್ಘನ್ ಪುರಾತತ್ವದವರು, 1922ರಿಂದ ಆ ದೇಶದಲ್ಲಿ ಕೆಲಸ ಮಾಡುತ್ತಿರುವ ಫ್ರೆಂಚ್ ಪುರಾತತ್ವ ತಂಡ, ಬೇರೆ ದೇಶಗಳ ತಜ್ಞರು, ಸುತ್ತಲಿನ ಹಳ್ಳಿಗಳಿಂದ ಬಂದ ನೂರಾರು ಕೂಲಿಯವರು. ಸುತ್ತ ನೆಲಬಾಂಬುಗಳ ಭಯ, ರಾಕೆಟ್ ದಾಳಿಯ ಭಯ. 1999ರಲ್ಲಿ ಇದೇ ಕಣಿವೆಯಲ್ಲಿ ಅಲ್ ಖೈದಾದ ತರಬೇತಿ ಶಿಬಿರ ನಡೆದಿತ್ತು ಎಂದರೆ ಜಾಗ ಎಂಥದ್ದು ಎಂದು ಊಹಿಸಬಹುದು. ಅಂಥಲ್ಲಿ ಕೂತು ಕುಂಚದಲ್ಲಿ ಮಣ್ಣು ಸರಿಸಿದ ಅಫ್ಘನ್ನರ ಬಗ್ಗೆ ನನಗೆ ದೊಡ್ಡ ಗೌರವವಿದೆ. ಅವರಲ್ಲಿ ಹೆಚ್ಚಿನವರು ಮುಸ್ಲಿಮರು. ಬುದ್ಧನನ್ನು ಅವರು ಪೂಜಿಸುವುದಿಲ್ಲ. ನಮ್ಮ ನೆಲದ ಕತೆ ಇದು ಅಂತ ಕಾಪಾಡಿದರು.

ಆ ಮೇಲೆ ಯುದ್ಧ ಜಾಸ್ತಿಯಾಯಿತು, ತಾಮ್ರದ ಬೆಲೆ ಏರಿಳಿಯಿತು, ಒಪ್ಪಂದದ ಬಗ್ಗೆ ತಕರಾರು ಬಂತು. ಗಣಿ ಶುರುವಾಗಲೇ ಇಲ್ಲ. ಹೇಳಲು ಸಂಕಟವಾಗುತ್ತದೆ, ಆದರೆ ಮೆಸ್ ಐನಕ್ ಇವತ್ತಿನವರೆಗೆ ಉಳಿದದ್ದರಲ್ಲಿ ಯುದ್ಧದ ಪಾಲೂ ಇದೆ. ಈಗ ಪರಿಸ್ಥಿತಿ ಬೇರೆ. 2024ರ ಜುಲೈನಲ್ಲಿ ಗಣಿಗೆ ಹೋಗುವ ರಸ್ತೆಯ ಕೆಲಸಕ್ಕೆ ತಾಲಿಬಾನ್ ಆಡಳಿತದ ಉಪ ಪ್ರಧಾನಿಯೇ ಬಂದು ಚಾಲನೆ ಕೊಟ್ಟರು. ರಸ್ತೆ ಆದ ಮೇಲೆ ಯಂತ್ರಗಳು ಬರಲು ಎಷ್ಟು ಹೊತ್ತು ಬೇಕು?

ನಮ್ಮದು ಬಳ್ಳಾರಿ ಜಿಲ್ಲೆ. ಇಂಥ ರಸ್ತೆ ಆದ ಮೇಲೆ ಏನಾಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಬ್ಬಿಣದ ಅದಿರಿಗೆ ಬೆಲೆ ಬಂದ ವರ್ಷಗಳಲ್ಲಿ ಹೊಸಪೇಟೆ, ಸಂಡೂರು ರಸ್ತೆಗಳಲ್ಲಿ ಹಗಲು ರಾತ್ರಿ ಟಿಪ್ಪರ್ ಸಾಲು ಇರುತ್ತಿತ್ತು. ಗಿಡದ ಎಲೆಯೂ ಕೆಂಪು, ಒಣಹಾಕಿದ ಬಟ್ಟೆಯೂ ಕೆಂಪು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಗಿ ಬಂತು. ಸಂಡೂರಿನ ಕುಮಾರಸ್ವಾಮಿ ಬೆಟ್ಟದಲ್ಲಿ ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ದೇವಾಲಯ ಇದೆ. ಅದರ ಸುತ್ತ ಸ್ಫೋಟ ಬೇಡ ಎಂದು ಜನ ವರ್ಷಗಟ್ಟಲೆ ಕೇಳಿಕೊಂಡರು. ಬಳ್ಳಾರಿ ನಗರದ ಪಕ್ಕದಲ್ಲೇ ಸಂಗನಕಲ್ಲು ಗುಡ್ಡಗಳಿವೆ. ನವಶಿಲಾಯುಗದ ಜನ ಅಲ್ಲಿ ಕಲ್ಲಿನ ಕೊಡಲಿ ಮಾಡುತ್ತಿದ್ದರು, ಬಂಡೆಗಳ ಮೇಲೆ ಉದ್ದ ಕೊಂಬಿನ ಗೂಳಿಗಳನ್ನು ಕುಟ್ಟಿ ಕೆತ್ತಿದ್ದರು. ತಟ್ಟಿದರೆ ಗಂಟೆಯ ಹಾಗೆ ನಾದ ಬರುವ ಬಂಡೆಗಳೂ ಅಲ್ಲಿವೆ. ಆ ಗುಡ್ಡದ ಒಂದು ಪಾಲು ಕಲ್ಲು ಕ್ವಾರಿಗೆ ಹೋಯಿತು. ಹೋದ ಬಂಡೆಗಳ ಮೇಲೆ ಏನೇನು ಕೆತ್ತಿತ್ತು ಎಂದು ಇನ್ನು ತಿಳಿಯುವ ದಾರಿಯೇ ಇಲ್ಲ.

ಹಾಗಂತ ಗಣಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳ ಒಲೆ ಉರಿದದ್ದು ಗಣಿಯ ಕೂಲಿಯಿಂದ. ಅಫ್ಘಾನಿಸ್ತಾನದ ಬಡತನ ನಮ್ಮದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅವರಿಗೆ ದುಡ್ಡು ಬೇಕು, ಕೆಲಸ ಬೇಕು. ಮಕ್ಕಳಿಗೆ ಊಟವಿಲ್ಲದ ಊರಿಗೆ ಹೋಗಿ ಸ್ತೂಪ ಕಾಪಾಡಿ ಅಂತ ಸುಮ್ನೆ ಉಪದೇಶ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಆದರೆ ತಾಮ್ರ ಮಣ್ಣಿನಡಿ ಇನ್ನು ಹತ್ತು ವರ್ಷ ಇದ್ದರೂ ಕೆಡುವುದಿಲ್ಲ ಅಲ್ವಾ? ಮೊದಲು ಪುರಾತತ್ವದವರು ತಮ್ಮ ಕೆಲಸ ಮುಗಿಸಲಿ, ಆಮೇಲೆ ಅದಿರು ತೆಗೆಯಲಿ. ಊರು ಉಳಿಯಬೇಕಾದ ಕಡೆ ತೆರೆದ ಗಣಿ ಬಿಟ್ಟು ಸುರಂಗದ ಗಣಿ ಮಾಡಲಿ. ಅದಕ್ಕೆ ಖರ್ಚು ಜಾಸ್ತಿ, ನಿಜ. ಮೇಲಿನ ನೆಲ ಕುಸಿಯದಂತೆ, ಗೋಡೆಗಳು ಅದುರದಂತೆ ನೋಡಿಕೊಳ್ಳಬೇಕಾಗುತ್ತದೆ. ಹಟ್ಟಿಯಲ್ಲಿ ಇವತ್ತಿಗೂ ಚಿನ್ನವನ್ನು ನೆಲದಡಿಯಿಂದಲೇ ತೆಗೆಯುತ್ತಿದ್ದೇವೆ. ಮೇಲೆ ಊರು ಇದ್ದು ಕೆಳಗೆ ಗಣಿ ಇರುವುದು ಕನ್ನಡದ ಜನಕ್ಕೆ ಹೊಸತೇನಲ್ಲ.

ಗಣಿಯವರೂ ಕಣ್ಣು ತೆರೆದಿಟ್ಟರೆ ಇತಿಹಾಸಕ್ಕೆ ಎಷ್ಟು ಉಪಕಾರ ಎಂಬುದಕ್ಕೆ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯೇ ಇದೆ. 1915ರಲ್ಲಿ ಅಲ್ಲಿನ ಅಶೋಕನ ಶಾಸನ ಹುಡುಕಿದವರು ಬೀಡನ್ ಎಂಬ ಗಣಿ ಎಂಜಿನಿಯರ್. ಅವರು ಬಂದಿದ್ದು ಚಿನ್ನ ಹುಡುಕಲು. ‘ದೇವಾನಾಂಪ್ರಿಯ’ ಎಂದು ಬಂಡೆಗಳ ಮೇಲೆ ಬರೆಸಿಕೊಂಡ ರಾಜ ಅಶೋಕನೇ ಎಂದು ಗಟ್ಟಿಯಾದದ್ದು ಆ ಬಂಡೆಯಿಂದ. ಅವರು ಅದನ್ನು ಬರೀ ಕಲ್ಲು ಅಂದುಕೊಂಡು ಮುಂದೆ ಹೋಗಿದ್ದರೆ?

ದೂರದ ದೇಶದ ಹಾಳೂರಿನ ಬಗ್ಗೆ ಬಳ್ಳಾರಿಯವರಿಗೆ ಯಾಕೆ ಚಿಂತೆ ಎಂದು ಯಾರಾದರೂ ಕೇಳಬಹುದು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಅಂಥವರನ್ನು ಕರೆದುಕೊಂಡು ಹೋಗಬೇಕು ಅನಿಸುತ್ತದೆ. ಅಲ್ಲಿನ ಅಶೋಕನ ಶಾಸನ ಇರುವುದು ಬ್ರಾಹ್ಮಿ ಲಿಪಿಯಲ್ಲಿ. ಆದರೆ ಕೊನೆಗೆ ಅದನ್ನು ಬರೆದವನು, ಚಪಡ ಎಂಬವನು, ತಾನು ಲಿಪಿಕಾರ ಎಂದು ಹೇಳುವ ಮಾತನ್ನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ನಮ್ಮ ಕಡೆಯ ಲಿಪಿಯೇ ಅಲ್ಲ. ಅದು ಗಾಂಧಾರದ ಲಿಪಿ, ಇವತ್ತಿನ ಪೇಶಾವರ, ಪೂರ್ವ ಅಫ್ಘಾನಿಸ್ತಾನದ ಕಡೆಯದು. ಬಲದಿಂದ ಎಡಕ್ಕೆ ಬರೆಯುವಂಥದ್ದು. ಆ ಕಡೆಯ ಬರವಣಿಗೆ ಕಲಿತ ಒಬ್ಬ ಮನುಷ್ಯ ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಮೊಳಕಾಲ್ಮೂರಿನ ಬಂಡೆಗಳ ನಡುವೆ ಕೂತು ಕೆಲಸ ಮಾಡಿದ. ಅದೇ ಅಶೋಕ ಕಂದಹಾರಿನಲ್ಲಿ ತನ್ನ ಮಾತನ್ನು ಗ್ರೀಕ್ ಮತ್ತು ಅರಮೇಯಿಕ್ ಭಾಷೆಗಳಲ್ಲಿ ಕೆತ್ತಿಸಿದ. ಆ ಶಾಸನ 1958ರಲ್ಲಿ ಸಿಕ್ಕಿತು. ನಮಗೂ ಅವರಿಗೂ ಹೀಗೆ ಹಳೆಯ ನಂಟಿದೆ. ನಾಲ್ಕೂ ದಿಕ್ಕಿನ ದಾರಿ ಕೂಡುತ್ತಿದ್ದ ದೇಶ ಅದು, ಒಂದು ದಾರಿ ನಮ್ಮೂರಿನ ತನಕ ಬಂದಿತ್ತು.

ಹ್ಯುಯೆನ್ ತ್ಸಾಂಗನ ಹೆಸರು ಕರ್ನಾಟಕದ ಶಾಲೆಯ ಮಕ್ಕಳಿಗೆಲ್ಲ ಗೊತ್ತು. ಇಮ್ಮಡಿ ಪುಲಕೇಶಿಯನ್ನು ಹೊಗಳಿ ಬರೆದ ಚೀನೀ ಯಾತ್ರಿಕ. ಅವನು ಇಲ್ಲಿಗೆ ಬರುವ ಸುಮಾರು ಹತ್ತು ವರ್ಷ ಮೊದಲು ಅಫ್ಘಾನಿಸ್ತಾನದ ಬಾಮಿಯಾನ್‌ನಲ್ಲಿ ನಿಂತು ಬಂಡೆಯಲ್ಲಿ ಕೆತ್ತಿದ ದೊಡ್ಡ ಬುದ್ಧರನ್ನು ನೋಡಿದ್ದ. ಅದನ್ನೂ ಬರೆದಿಟ್ಟ. ಒಂದೇ ಪ್ರವಾಸ, ಒಬ್ಬನೇ ಮನುಷ್ಯ. ಅವನು ನೋಡಿದ ಬಾದಾಮಿ ಚಾಲುಕ್ಯರ ನಾಡು ನಮಗೆ ಹೆಮ್ಮೆ. ಅವನು ನೋಡಿದ ಬುದ್ಧರು 2001ರ ಮಾರ್ಚ್‌ನಲ್ಲಿ ತಾಲಿಬಾನಿಗಳ ಕೈಯಲ್ಲಿ ಪುಡಿಯಾದರು.

ಬಾಮಿಯಾನ್ ವಿಷಯದಲ್ಲಿ ಭಾರತಕ್ಕೆ ನೇರ ಸಂಬಂಧವೇ ಇದೆ. 1969ರಿಂದ 1977ರವರೆಗೆ ನಮ್ಮ ಭಾರತೀಯ ಪುರಾತತ್ವ ಇಲಾಖೆಯವರು ಅಫ್ಘನ್ನರ ಜೊತೆ ಸೇರಿ 55 ಮೀಟರ್ ಮತ್ತು 38 ಮೀಟರ್ ಎತ್ತರದ ಆ ಎರಡು ಮೂರ್ತಿಗಳನ್ನೂ ಅವುಗಳ ಗೂಡುಗಳನ್ನೂ ದುರಸ್ತಿ ಮಾಡಿದ್ದರು. ಬಿರುಕು ಬಿಟ್ಟ ಬಂಡೆ ಗಟ್ಟಿ ಮಾಡಿದರು, ಚಿತ್ರಗಳನ್ನು ಶುಚಿ ಮಾಡಿದರು. ಕಾಬೂಲಿನ ಸ್ಟೋರ್ ಅರಮನೆಯನ್ನೂ ಭಾರತದ ದುಡ್ಡಿನಲ್ಲಿ ರಿಪೇರಿ ಮಾಡಿ 2016ರಲ್ಲಿ ಒಪ್ಪಿಸಿದ್ದೇವೆ. ಅಲ್ಲಿನ ಜನ ಇದನ್ನು ಮರೆತಿಲ್ಲ ಎಂದು ನಂಬುತ್ತೇನೆ. ಈ ವಿಷಯದಲ್ಲಿ ಮಾತಾಡುವ ಹಕ್ಕನ್ನು ನಾವು ದುಡಿದು ಸಂಪಾದಿಸಿದ್ದೇವೆ.

ಆದರೆ ಆ ಹಕ್ಕು ಉಳಿಯಬೇಕಾದರೆ ನಮ್ಮ ಕೈ ಶುಚಿಯಾಗಿರಬೇಕು. ಹಾಜಿಗಕ್ ನೆನಪಿದೆಯೇ? ಅದು ಬಾಮಿಯಾನ್ ಪ್ರಾಂತ್ಯದ ದೊಡ್ಡ ಕಬ್ಬಿಣದ ಅದಿರಿನ ಪ್ರದೇಶ. 2011ರಲ್ಲಿ ಅದರ ಹೆಚ್ಚಿನ ಬ್ಲಾಕುಗಳು ಸರ್ಕಾರಿ ಉಕ್ಕಿನ ಕಂಪನಿ ಸೈಲ್ ಮುಂದಾಳತ್ವದ ಭಾರತೀಯ ಕಂಪನಿಗಳ ಕೂಟಕ್ಕೆ ಸಿಕ್ಕಿದ್ದವು. ಆ ಕೂಟದಲ್ಲಿ ನಮ್ಮ ಸಂಡೂರಿನ ದೋಣಿಮಲೈಯಲ್ಲಿ ಅದಿರು ತೆಗೆಯುವ ಎನ್‌ಎಂಡಿಸಿಯೂ ಇತ್ತು. ಆಗ ಕೆಲಸ ಮುಂದೆ ಹೋಗಲಿಲ್ಲ. ಈಗ ಮತ್ತೆ ಕರೆ ಬಂದಿದೆ. ನಾಳೆ ಹಾಜಿಗಕ್ ಆಗಲಿ, ಬೇರೆ ಗುಡ್ಡವಾಗಲಿ, ಅಗೆಯುವವರು ನಮ್ಮವರೇ ಆಗಿರಬಹುದು. ಆ ದೇಶದಲ್ಲಿ ಹಳೆಯ ಕಾಲದ ಗುರುತಿಲ್ಲದ ಕಣಿವೆ ಸಿಗುವುದೇ ಕಷ್ಟ. ಯಾವ ನಿಯಮ ಇಟ್ಟುಕೊಂಡು ಹೋಗುತ್ತೀರಿ ಎಂದು ನಾನು ಈಗಲೇ ಕೇಳುತ್ತಿರುವುದು ಅದಕ್ಕೆ. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಕೇಳಿ ಏನು ಪ್ರಯೋಜನ?

ಗಣಿ ಒಂದೇ ಅಪಾಯ ಅಲ್ಲ. ಅಮು ದರಿಯಾ ದಂಡೆಯ ಐ ಖಾನುಮ್ ಎಂಬ ಗ್ರೀಕ್ ನಗರವನ್ನು ಯುದ್ಧದ ವರ್ಷಗಳಲ್ಲಿ ಕಳ್ಳರು ಗುಂಡಿ ತೋಡಿ ತೋಡಿ ಹಾಳು ಮಾಡಿದರು. 1970ರಲ್ಲಿ ಅಲ್ಲೇ ಅಗಾಥೊಕ್ಲಿಸ್ ರಾಜನ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಅವುಗಳ ಮೇಲೆ ಇರುವುದು ವಾಸುದೇವ ಮತ್ತು ಸಂಕರ್ಷಣ, ಅಂದರೆ ನಮ್ಮ ಕೃಷ್ಣ ಬಲರಾಮರು. ಗ್ರೀಕ್ ರಾಜನ ನಾಣ್ಯದಲ್ಲಿ! ಕೃಷ್ಣನ ತೀರ ಹಳೆಯ ಚಿತ್ರಗಳಲ್ಲಿ ಅದೂ ಒಂದು. ಬಲ್ಖ್ ಸುತ್ತಮುತ್ತ ಬುಲ್ಡೋಜರ್ ಹಚ್ಚಿ ಹಳೆಯ ದಿಬ್ಬಗಳನ್ನು ಕಿತ್ತಿರುವುದನ್ನು ಶಿಕಾಗೊ ವಿಶ್ವವಿದ್ಯಾಲಯದವರು ಉಪಗ್ರಹದ ಚಿತ್ರಗಳಲ್ಲಿ ಗುರುತಿಸಿದ್ದಾರೆ. 65 ಮೀಟರ್ ಎತ್ತರದ ಹಳೆಯ ಇಟ್ಟಿಗೆ ಗೋಪುರ ಜಾಮ್ ಮಿನಾರಿನ ಬುಡವನ್ನು ಹರಿ ರೂದ್ ನದಿ ಕೊರೆಯುತ್ತಿದೆ. ಜಾಮ್ ಮತ್ತು ಬಾಮಿಯಾನ್ ಹೆಸರಾದರೂ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಮೆಸ್ ಐನಕ್‌ಗೆ ಆ ಆಸರೆಯೂ ಇಲ್ಲ.

ಬುದ್ಧರನ್ನು ಒಡೆದವರ ಹತ್ತಿರವೇ ಹೋಗಿ ಬುದ್ಧರನ್ನು ಕಾಪಾಡಿ ಅಂತ ಕೇಳುವುದೇ ಎಂಬ ಪ್ರಶ್ನೆ ಬರುತ್ತದೆ. ನನಗೂ ಆ ಸಿಟ್ಟು ಹೋಗಿಲ್ಲ. ಆದರೆ ಈಗ ಮೆಸ್ ಐನಕ್‌ಗೆ ಕಾವಲು ನಿಂತಿರುವುದೂ ಅವರ ಆಡಳಿತದ ಜನರೇ. ಈ ಅವಶೇಷಗಳನ್ನು ರಕ್ಷಿಸುತ್ತೇವೆ ಎಂದು ಅವರ ಅಧಿಕಾರಿಗಳು ಹೇಳಿದ್ದಾರೆ. ಆಡಿದ ಮಾತನ್ನು ನಡೆಸಿಕೊಡಿ ಎಂದು ಕೇಳಲು ಎದುರಿಗೆ ಕೂರುವವರು ಬೇಕು. ಈಗ ಕೂರುತ್ತಿರುವವರು ನೀವು. ಗೋಧಿ, ಔಷಧ, ವ್ಯಾಪಾರ, ಭದ್ರತೆ ಎಲ್ಲ ಮಾತಾಡುತ್ತೀರಿ. ಅವುಗಳ ಜೊತೆ ಇದೂ ಒಂದು ವಿಷಯವಾಗಿ ಮೇಜಿನ ಮೇಲೆ ಬರಲಿ.

ಚೀನಾದ ಕಂಪನಿ ತೆಗೆದುಕೊಂಡ ಗಣಿಯ ಬಗ್ಗೆ ನಾವು ಷರತ್ತು ಹಾಕಲು ಬರುವುದಿಲ್ಲ, ಗೊತ್ತು. ಆದರೆ ನೆರವು ಕೊಡುತ್ತೇವೆ ಅನ್ನಬಹುದು. ಇಂಥ ಕೆಲಸದಲ್ಲಿ ನಮ್ಮ ಪುರಾತತ್ವ ಇಲಾಖೆಗಿರುವಷ್ಟು ಅನುಭವ ಹೆಚ್ಚು ದೇಶಗಳಿಗೆ ಇಲ್ಲ. ನಾಗಾರ್ಜುನಸಾಗರ ಅಣೆಕಟ್ಟಿನ ನೀರು ನುಗ್ಗುವ ಮೊದಲು, 1954ರಿಂದ 1960ರವರೆಗೆ, ನಾಗಾರ್ಜುನಕೊಂಡದ ಇಡೀ ಕಣಿವೆಯನ್ನು ಅವರು ಅಗೆದು ದಾಖಲಿಸಿದರು. ಅದೂ ಬೌದ್ಧ ನಗರವೇ, ಇಕ್ಷ್ವಾಕುಗಳ ರಾಜಧಾನಿ. ಮುಖ್ಯ ಕಟ್ಟಡಗಳಲ್ಲಿ ಕೆಲವನ್ನು ಗುಡ್ಡದ ಮೇಲೆ ಮತ್ತೆ ಕಟ್ಟಿದರು. ಈಗ ನೀರಿನ ಮಧ್ಯೆ ದ್ವೀಪವಾಗಿರುವ ಆ ಗುಡ್ಡಕ್ಕೆ ಇವತ್ತೂ ಜನ ದೋಣಿಯಲ್ಲಿ ಹೋಗಿ ನೋಡುತ್ತಾರೆ. ಕಣಿವೆ ಮುಳುಗಿತು, ಅದು ನಷ್ಟವೇ. ಆದರೆ ಅಲ್ಲಿ ಏನಿತ್ತು ಎಂದು ನಮಗೆ ಗೊತ್ತು, ಯಾಕೆಂದರೆ ಆಗಿನ ಸರ್ಕಾರ ಪುರಾತತ್ವದವರಿಗೆ ವರ್ಷಗಟ್ಟಲೆ ಸಮಯ ಕೊಟ್ಟಿತು, ಆಳು ಕೊಟ್ಟಿತು, ದುಡ್ಡು ಕೊಟ್ಟಿತು. ದೇಶ ಬಡವಾಗಿದ್ದ ಕಾಲದಲ್ಲಿ ಕೊಟ್ಟಿತು.

ಇನ್ನೊಂದು ಮಾತು ಹೇಳದೆ ಇರಲಾರೆ. 2022ರ ಡಿಸೆಂಬರ್‌ನಲ್ಲಿ ಅಫ್ಘಾನಿಸ್ತಾನದ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿದರು. ಅಂದರೆ ಆ ದೇಶದ ಮುಂದಿನ ತಲೆಮಾರಿನ ಪುರಾತತ್ವದವರಲ್ಲಿ, ಮೂರ್ತಿ ಜೋಡಿಸುವವರಲ್ಲಿ, ಶಾಸನ ಓದುವವರಲ್ಲಿ ಅರ್ಧದಷ್ಟು ಜನ ಇಲ್ಲವಾಗುತ್ತಾರೆ. ಅಫ್ಘನ್ ವಿದ್ಯಾರ್ಥಿಗಳಿಗೆ ಭಾರತ ಮೊದಲಿನಿಂದ ವಿದ್ಯಾರ್ಥಿವೇತನ ಕೊಡುತ್ತಾ ಬಂದಿದೆ. ಅದರಲ್ಲಿ ಕೆಲವನ್ನು ಪುರಾತತ್ವಕ್ಕೆ ಮತ್ತು ಸಂರಕ್ಷಣೆಯ ಕೆಲಸಕ್ಕೆ ಎಂದೇ ಎತ್ತಿಡಿ, ಹೆಣ್ಣುಮಕ್ಕಳಿಗೆ ಆದ್ಯತೆ ಕೊಡಿ. ಗ್ರೇಟರ್ ನೋಯ್ಡಾದಲ್ಲಿ ನಮ್ಮದೇ ಪುರಾತತ್ವ ಸಂಸ್ಥೆ ಇದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ, ಧಾರವಾಡದಲ್ಲಿ ಕಲಿಸುವವರಿದ್ದಾರೆ. ಬ್ರಹ್ಮಗಿರಿಯಲ್ಲಿ ಚಪಡನ ಕೈಬರಹ ನೋಡಲು ಕಾಬೂಲಿನ ಒಬ್ಬ ವಿದ್ಯಾರ್ಥಿನಿ ಬಂದರೆ ನಾವು ಬಳ್ಳಾರಿಯವರು ಖುಷಿಯಿಂದ ಕರೆದುಕೊಂಡು ಹೋಗುತ್ತೇವೆ.

ಕಾಬೂಲಿನ ರಾಯಭಾರ ಕಚೇರಿಯಲ್ಲಿ ಸಂಸ್ಕೃತಿಯ ವಿಷಯ ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನು ನೇಮಿಸಿ. ಪುರಾತತ್ವ ಇಲಾಖೆಯ ಒಂದು ಸಣ್ಣ ತಂಡ ಮೆಸ್ ಐನಕ್‌ಗೆ ಹೋಗಿ, ಅಫ್ಘನ್ ಸಹೋದ್ಯೋಗಿಗಳ ಜೊತೆ ಕೂತು, ಏನು ಉಳಿದಿದೆ, ಯಾವುದಕ್ಕೆ ಮೊದಲು ಕೈ ಹಾಕಬೇಕು ಎಂದು ಪಟ್ಟಿ ಮಾಡಲಿ. ತೆರೆದ ಗಣಿಯೋ ಸುರಂಗವೋ ಎಂಬ ಯೋಜನೆಯನ್ನು ಜನರ ಮುಂದೆ ಇಡಿ ಎಂದು ಕಾಬೂಲನ್ನು ಕೇಳಿ. ನಮ್ಮ ಕಂಪನಿಗಳ ಒಪ್ಪಂದದಲ್ಲಿ ಉತ್ಖನನದ ಖರ್ಚು ಕಂಪನಿಯದ್ದೇ ಎಂದು ಬರೆಯಿಸಿ, ಆ ಪುಟವನ್ನು ಸಂಸತ್ತಿನಲ್ಲಿ ಮಂಡಿಸಿ. ಕನ್ನಡ ನಾಡಿನ ಸಂಸದರಿಗೂ ಇದೇ ವಿನಂತಿ: ಬಳ್ಳಾರಿಯನ್ನು ಪ್ರತಿನಿಧಿಸುವವರು, ರಾಯಚೂರು, ಚಿತ್ರದುರ್ಗದವರು, ಮುಂದಿನ ಅಧಿವೇಶನದಲ್ಲಿ ಈ ಷರತ್ತಿನ ಬಗ್ಗೆ ಒಂದು ಪ್ರಶ್ನೆ ಹಾಕಿ. ಉತ್ತರ ಲಿಖಿತವಾಗಿ ಬರಲಿ.

ಇಂತಿ ನಿಮ್ಮ ವಿಶ್ವಾಸಿ,
ಬಳ್ಳಾರಿ ಜಿಲ್ಲೆಯ ಒಬ್ಬ ನಾಗರಿಕ